ಕಿಂಡಿಯೋ, ಕಿಸೆಯೋ?

(ಮಂಗಳೂರು ನಗರದಲ್ಲಿ ಸೇರಿದ್ದ ಮಲೆನಾಡಿನ ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಉಪನ್ಯಾಸದ ಬರಹರೂಪ)



ಚಾರ್ಮಾಡಿ ಘಾಟಿಯ ಬುಡದಲ್ಲಿ, ಹೊಳೆಯ ದಂಡೆಗೆ ತಾಗಿ ಎರಡು ಎಕರೆ ಅಡಿಕೆ ತೋಟವಿರುವ ಒಂದು ಮನೆಯನ್ನು ಉದಾಹರಣೆಯಾಗಿ ಇಟ್ಟುಕೊಳ್ಳಬಹುದು. ಹೆಸರು ಬೇಕಾಗಿಲ್ಲ, ಇಂತಹ ಮನೆಗಳು ಆ ಕಡೆಯ ಎಷ್ಟೋ ಊರುಗಳಲ್ಲಿವೆ. 2019ರ ಆಗಸ್ಟ್ ತಿಂಗಳ ಮಳೆಯಲ್ಲಿ ಘಾಟಿಯ ಹಲವೆಡೆ ಗುಡ್ಡ ಜರಿದು ರಸ್ತೆ ಮುಚ್ಚಿತು. ಬೆಳ್ತಂಗಡಿ ತಾಲೂಕಿನ ಅನೇಕ ತೋಟಗಳಿಗೆ ಹೊಳೆಯ ನೀರಿನೊಡನೆ ಮರಳೂ ಮರದ ದಿಮ್ಮಿಗಳೂ ನುಗ್ಗಿದವು. ಈ ಮನೆಯ ತೋಟದ ಒಂದು ಮೂಲೆಯೂ ಹಾಗೆಯೇ ಹೊಳೆಯ ಪಾಲಾಯಿತು. ಪರಿಹಾರದ ಅರ್ಜಿ ಬರೆಯುವ ಹೊತ್ತಿಗೆ ‘ಮೊದಲು ಹೊಳೆ ಎಲ್ಲಿ ಹರಿಯುತ್ತಿತ್ತು?’ ಎಂಬ ಪ್ರಶ್ನೆ ಎದುರಾಯಿತು. ಕೆಸರಿನ ಚಿತ್ರಗಳು ಮೊಬೈಲಿನ ತುಂಬ ಇದ್ದವು. ಕೆಸರು ಬರುವುದಕ್ಕೆ ಮೊದಲಿನ ಚಿತ್ರ ಹುಡುಕಿದಾಗ ಒಂದೇ ಒಂದು ದೊರೆಯಿತು. ಅದು ಮನೆಯ ಮದುವೆಯ ಆಲ್ಬಮ್ಮಿನಲ್ಲಿತ್ತು. ವಧೂವರರ ಹೆಗಲಿನ ಹಿಂದೆ, ಮಸುಕು ಮಸುಕಾಗಿ, ಹೊಳೆಯ ಹಳೆಯ ದಂಡೆ ಕಾಣುತ್ತಿತ್ತು.

ಮುಂದೆ ಹೀಗಾಗಬಾರದೆಂದು ಆ ಮನೆಯ ತಂದೆಯೂ ಮಗಳೂ ಒಂದು ಚಿಕ್ಕ ಕ್ಯಾಮೆರಾ ಕೊಳ್ಳಲು ಮಂಗಳೂರಿಗೆ ಬಂದರೆಂದು ಭಾವಿಸೋಣ. ಹಂಪನಕಟ್ಟೆಯಲ್ಲಿ ಬಸ್ಸಿಳಿಯುವ ಮೊದಲೇ ಇಬ್ಬರಿಗೂ ಅಭಿಪ್ರಾಯಭೇದ ಉಂಟಾಗುತ್ತದೆ.

“ಕಣ್ಣಿಟ್ಟು ನೋಡಲು ಕಿಂಡಿ ಇಲ್ಲದಿದ್ದರೆ ಅದೆಂತಹ ಕ್ಯಾಮೆರಾ ಮಗಳೇ?” ಎಂದು ತಂದೆ ಕೇಳುತ್ತಾನೆ.

“ಕಿಸೆಗೆ ಹಿಡಿಯದಿದ್ದರೆ ಅದು ಮನೆಯ ಗೂಟದಲ್ಲಿಯೇ ನೇತಾಡುತ್ತದೆ ಅಪ್ಪ” ಎಂದು ಮಗಳು ಉತ್ತರಿಸುತ್ತಾಳೆ.

ಇಬ್ಬರ ಮಾತೂ ಸತ್ಯವೇ. ಆದರೆ ಕೈಯಲ್ಲಿರುವ ಹಣ ಒಂದೇ ಕ್ಯಾಮೆರಾಕ್ಕೆ ಸಾಲುವಷ್ಟು. ಆದುದರಿಂದ ಇಬ್ಬರ ಮಾತನ್ನೂ ತೂಗಿ ನೋಡಬೇಕಾಗುತ್ತದೆ.

ಕಿಂಡಿ ಎಂದರೆ ವ್ಯೂಫೈಂಡರ್. ಕರಾವಳಿಯವರಿಗೆ ಕಿಂಡಿಯ ಮಹತ್ವವನ್ನು ವಿವರಿಸಬೇಕಾಗಿಲ್ಲ. ಉಡುಪಿಯಲ್ಲಿ ಕನಕನ ಕಿಂಡಿಯ ಮುಂದೆ ನಿಂತವರೆಲ್ಲರಿಗೂ ಅದು ತಿಳಿದಿದೆ. ಸುತ್ತಲಿನದನ್ನೆಲ್ಲ ಮರೆಮಾಡಿ, ನೋಡಬೇಕಾದುದನ್ನು ಮಾತ್ರ ತೋರಿಸುವುದೇ ಕಿಂಡಿಯ ಗುಣ. ಕ್ಯಾಮೆರಾದ ಕಿಂಡಿಯೂ ಮಾಡುವುದು ಅದನ್ನೇ.

ಈ ಊರಿನಲ್ಲಿ ಛಾಯಾಗ್ರಹಣದ ಚರಿತ್ರೆ ಹಳೆಯದು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನವರು ಮುಂದಿನ ದಶಕಗಳಲ್ಲಿ ಇಲ್ಲಿನ ಹೆಂಚಿನ ಕಾರ್ಖಾನೆ, ನೇಯ್ಗೆಶಾಲೆ, ಬೀದಿ, ಜನ ಇವೆಲ್ಲವುಗಳ ಚಿತ್ರಗಳನ್ನು ಸಂಗ್ರಹಿಸಿದರು. ಅವು ಇಂದಿಗೂ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ದಾಖಲೆಗಾರದಲ್ಲಿವೆ. ಆ ಕಾಲದ ಕ್ಯಾಮೆರಾ ಒಂದು ಮರದ ಪೆಟ್ಟಿಗೆ. ಅದರ ಹಿಂಬದಿಯ ಮಬ್ಬುಗಾಜಿನ ಮೇಲೆ ಚಿತ್ರ ತಲೆಕೆಳಗಾಗಿ ಮೂಡುತ್ತಿತ್ತು. ಬಿಸಿಲಿನಲ್ಲಿ ಆ ಗಾಜಿನ ಮೇಲೆ ಏನೂ ಕಾಣುತ್ತಿರಲಿಲ್ಲ. ಆದುದರಿಂದಲೇ ಛಾಯಾಗ್ರಾಹಕನು ತಲೆಯ ಮೇಲೆ ಕರಿಯ ಬಟ್ಟೆ ಹೊದ್ದು ನೋಡುತ್ತಿದ್ದನು. ಈ ಕರಿಯ ಬಟ್ಟೆಯನ್ನು ನೆನಪಿನಲ್ಲಿಡಬೇಕು. ಮುಂದೆ ಅದು ಮತ್ತೆ ಬರಲಿದೆ.

1888ರಲ್ಲಿ ಕೊಡಾಕ್ ಕ್ಯಾಮೆರಾವು ಸುರುಳಿಯ ಫಿಲ್ಮಿನೊಂದಿಗೆ ಮಾರಾಟಕ್ಕೆ ಬಂದಿತು. 1925ರಲ್ಲಿ ಲೈಕಾ, ಚಿಕ್ಕ ಗಾತ್ರದ ಲೋಹದ ದೇಹಕ್ಕೆ ಕಣ್ಣಿಟ್ಟು ನೋಡುವ ಕಿಂಡಿಯನ್ನೂ ಸೇರಿಸಿತು. 1979ರ ಒಲಿಂಪಸ್ ಎಕ್ಸ್‌ಎ ಅಂಗಿಯ ಕಿಸೆಗೆ ಹಿಡಿಯುವಂತಿತ್ತು, ಅದರಲ್ಲಿಯೂ ಒಳ್ಳೆಯ ಕಿಂಡಿಯಿತ್ತು. ಎಂದರೆ ಫಿಲ್ಮಿನ ಯುಗದಲ್ಲಿ ಕಿಂಡಿಗೂ ಕಿಸೆಗೂ ಜಗಳವಿರಲಿಲ್ಲ. ಜಗಳ ಹುಟ್ಟಿದ್ದು ಕ್ಯಾಮೆರಾದ ಬೆನ್ನಿಗೆ ಪರದೆ ಬಂದ ಮೇಲೆ. 1995ರಲ್ಲಿ ಕ್ಯಾಸಿಯೊ ಕ್ಯೂವಿ-10 ಅಂತಹ ಪರದೆಯನ್ನು ಜನಸಾಮಾನ್ಯರ ಕೈಗೆ ಕೊಟ್ಟಿತು. ಕೆಲವು ಕಾಲ ಪರದೆಯೂ ಕಿಂಡಿಯೂ ಜೊತೆಯಾಗಿ ಬಾಳಿದವು. ಪರದೆಯು ಅಗಲವಾಗುತ್ತ ಮೂರು ಇಂಚಿಗೆ ತಲುಪಿದಾಗ ಸಣ್ಣ ಕ್ಯಾಮೆರಾದ ಬೆನ್ನಿನಲ್ಲಿ ಕಿಂಡಿಗೆ ಎಡೆಯಿಲ್ಲದಂತಾಯಿತು.

ಈ ಕವಲುದಾರಿಯನ್ನು ಸ್ಪಷ್ಟವಾಗಿ ತೋರಿಸುವ ವರ್ಷ 2009. ಆ ವರ್ಷ ಕ್ಯಾನನ್ ಕಂಪನಿಯು ಒಂದೇ ಗಾತ್ರದ, 1 ಕೋಟಿ ಚಿತ್ರಬಿಂದುಗಳ ಸಂವೇದಕವನ್ನು ಎರಡು ಬೇರೆ ಬೇರೆ ದೇಹಗಳಲ್ಲಿ ಇರಿಸಿ ಮಾರಾಟಕ್ಕೆ ತಂದಿತು. ಜಿ-11 ಎಂಬುದಕ್ಕೆ ಕಿಂಡಿಯಿತ್ತು. ಅದರ ದಪ್ಪ ಸುಮಾರು 48 ಮಿ.ಮೀ., ತೂಕ ಬ್ಯಾಟರಿ ಬಿಟ್ಟು ಸುಮಾರು 355 ಗ್ರಾಂ. ಎಸ್-90 ಎಂಬುದಕ್ಕೆ ಕಿಂಡಿಯಿರಲಿಲ್ಲ. ಅದರ ದಪ್ಪ ಸುಮಾರು 31 ಮಿ.ಮೀ., ತೂಕ ಜಿ-11ರ ಅರ್ಧದಷ್ಟು. ಒಂದು ಕುತ್ತಿಗೆಗೆ, ಇನ್ನೊಂದು ಕಿಸೆಗೆ. 2014ರಲ್ಲಿ ಸೋನಿ ಕಂಪನಿಯು ಆರ್‌ಎಕ್ಸ್‌-100ರ ಮೂರನೆಯ ಮಾದರಿಯಲ್ಲಿ, ಒತ್ತಿದರೆ ಮೇಲಕ್ಕೇಳುವ ಪುಟ್ಟ ವಿದ್ಯುನ್ಮಾನ ಕಿಂಡಿಯೊಂದನ್ನು ಅಡಗಿಸಿಟ್ಟು ಈ ಜಗಳವನ್ನು ತೀರಿಸಲು ಯತ್ನಿಸಿತು. 2012ರ ಮೊದಲ ಮಾದರಿ 36 ಮಿ.ಮೀ. ದಪ್ಪ, 240 ಗ್ರಾಂ ಇದ್ದರೆ, ಈ ಮೂರನೆಯದು 41 ಮಿ.ಮೀ., 290 ಗ್ರಾಂ ಆಯಿತು. ಎರಡೂ ಒಂದರಲ್ಲಿಯೇ ದೊರೆತವು. ಆದರೆ ಬೆಲೆ ಏರಿತು, ಮಳೆಗೂ ಧೂಳಿಗೂ ಅಂಜಬೇಕಾದ ಚಲಿಸುವ ಭಾಗವೊಂದು ಹೆಚ್ಚಾಯಿತು.

ಇನ್ನು ಎರಡರ ಗುಣದೋಷಗಳನ್ನು ಇಲ್ಲಿನ ನೆಲದ ಮೇಲಿಟ್ಟು ಪರೀಕ್ಷಿಸಬಹುದು.

ಮೊದಲನೆಯದು ಬೆಳಕು. ಪಣಂಬೂರಿನ ಮರಳಿನ ಮೇಲೆ ನಡುಹಗಲಿನಲ್ಲಿ ಬೀಳುವ ಬಿಸಿಲು ಸುಮಾರು 1 ಲಕ್ಷ ಲಕ್ಸ್‌ನಷ್ಟು ಪ್ರಖರವಾಗಿರುತ್ತದೆ. ಮುರಕಲ್ಲಿನ ಬಯಲಿನಲ್ಲಿಯೂ, ಬೇಸಗೆಯ ಹೊಳೆಯ ಬಂಡೆಗಳ ಮೇಲೆಯೂ ಅಷ್ಟೇ. ಅಲ್ಲಿ ಹಳೆಯ ಕಾಂಪ್ಯಾಕ್ಟ್ ಕ್ಯಾಮೆರಾದ ಪರದೆ ಕನ್ನಡಿಯಾಗುತ್ತದೆ: ಹೊಳೆಯ ಬದಲು ನೋಡುವವನ ಮುಖವೇ ಅದರಲ್ಲಿ ಕಾಣುತ್ತದೆ. ಕಿಂಡಿಗೆ ಕಣ್ಣು ಒತ್ತಿದಾಗ ಬಿಸಿಲು ಹೊರಗೆ ಉಳಿಯುತ್ತದೆ. ಇಲ್ಲಿ ಕಿಂಡಿಗೇ ಗೆಲುವು.

ಆದರೆ ನಿತ್ಯಹರಿದ್ವರ್ಣ ಕಾಡಿನೊಳಗೆ ಲೆಕ್ಕ ಬದಲಾಗುತ್ತದೆ. ಅಲ್ಲಿನ ನೆಲಕ್ಕೆ ತಲುಪುವುದು ಆಕಾಶದ ಬೆಳಕಿನಲ್ಲಿ ಶೇ. 1 ಅಥವಾ 2 ಮಾತ್ರ. ಮಳೆಗಾಲದ ಮೋಡದ ದಿನ ಅದು ನೂರೈವತ್ತು ಲಕ್ಸ್‌ಗೆ, ಎಂದರೆ ಮನೆಯೊಳಗಿನ ದೀಪದ ಬೆಳಕಿನ ಮಟ್ಟಕ್ಕೆ ಇಳಿಯುತ್ತದೆ. ಅಲ್ಲಿ ಪರದೆ ಚೆನ್ನಾಗಿ ಕಾಣುತ್ತದೆ. ಕೊರತೆಯಾಗುವುದು ಚಿತ್ರಕ್ಕೆ ಬೇಕಾದ ಬೆಳಕಿನದು. ಮೇಲೆ ಹೇಳಿದ ಜೋಡಿಯಲ್ಲಿ ಕಿಂಡಿಯಿಲ್ಲದ ಎಸ್-90ರ ಮಸೂರದ ಗರಿಷ್ಠ ತೆರಪು ಎಫ್-2, ಕಿಂಡಿಯುಳ್ಳ ಜಿ-11ರದು ಎಫ್-2.8, ಮೊದಲನೆಯದು ಇಮ್ಮಡಿ ಬೆಳಕನ್ನು ಒಳಗೆ ಬಿಡುತ್ತದೆ. ಐಎಸ್‌ಒ 400ರಲ್ಲಿ ಲೆಕ್ಕ ಹಾಕಿದರೆ ಒಂದಕ್ಕೆ ಸುಮಾರು 1/60 ಸೆಕೆಂಡು ಸಾಕಾಗುವಲ್ಲಿ ಇನ್ನೊಂದಕ್ಕೆ 1/30 ಸೆಕೆಂಡು ಬೇಕು. ಕಾಡಿನ ಕತ್ತಲೆಯಲ್ಲಿ ಕಿಸೆಯ ಕ್ಯಾಮೆರಾ ದೊಡ್ಡದನ್ನು ಸೋಲಿಸಬಲ್ಲದು ಎಂಬುದಕ್ಕೆ ಇದು ನಿದರ್ಶನ.

ಎರಡನೆಯದು ಕೈಯ ನಡುಕ. ಕಿಂಡಿಯ ಕ್ಯಾಮೆರಾವನ್ನು ಹಿಡಿಯುವವರ ಮೊಣಕೈಗಳು ಪಕ್ಕೆಗೆ ತಾಗಿರುತ್ತವೆ, ಕ್ಯಾಮೆರಾ ಹುಬ್ಬಿಗೆ ಆನಿಕೊಂಡಿರುತ್ತದೆ. ಎರಡು ಕೈ, ಒಂದು ಹಣೆ. ಮೂರು ಕಲ್ಲಿನ ಒಲೆಯ ಮೇಲಿಟ್ಟ ಪಾತ್ರೆಯಂತೆ ಅದು ಅಲುಗದೆ ನಿಲ್ಲುತ್ತದೆ. ಪರದೆಯನ್ನು ನೋಡುವವರು ಕೈಚಾಚಿ ಹಿಡಿಯುತ್ತಾರೆ. ಏರುದಾರಿ ಹತ್ತಿ ಏದುಸಿರು ಬಿಡುತ್ತಿರುವಾಗ ಚಾಚಿದ ಕೈ ನಡುಗುತ್ತದೆ. ಇದಕ್ಕೆ ಪರಿಹಾರವಿಲ್ಲದಿಲ್ಲ. ಕ್ಯಾಮೆರಾದ ಪಟ್ಟಿಯನ್ನು ಕುತ್ತಿಗೆಗೆ ಹಾಕಿ, ಅದು ಬಿಗಿಯಾಗುವವರೆಗೆ ಮುಂದಕ್ಕೆ ಎಳೆದು ಹಿಡಿದರೆ ಪಟ್ಟಿಯೇ ಮೂರನೆಯ ಆಧಾರವಾಗುತ್ತದೆ.

ಮೂರನೆಯದು ಹತ್ತಿರದ ಚಿತ್ರ. ಇದೇ ಮಂಗಳೂರಿನಲ್ಲಿ ಪತ್ತೆಯಾದ ಮೈಕ್ರೊಹೈಲಾ ಕೊಡಿಯಾಲ್ ಎಂಬ ಪುಟ್ಟ ಕಪ್ಪೆಯನ್ನು 2018ರಲ್ಲಿ ಹೊಸ ಪ್ರಭೇದವೆಂದು ವಿಜ್ಞಾನಿಗಳು ವಿವರಿಸಿದರು. ಕೊಡಿಯಾಲ್ ಎಂಬುದು ಕೊಂಕಣಿಯಲ್ಲಿ ಮಂಗಳೂರಿನ ಹೆಸರು. ಅದರ ಉದ್ದ ಎರಡು ಸೆಂಟಿಮೀಟರಿನ ಆಸುಪಾಸು. ಹಳೆಯ ಕಾಂಪ್ಯಾಕ್ಟ್ ಕ್ಯಾಮೆರಾಗಳಲ್ಲಿ ಕಿಂಡಿಯು ಮಸೂರದ ಮೂಲಕ ನೋಡುವುದಿಲ್ಲ. ಅದಕ್ಕಿಂತ ಮೂರು ನಾಲ್ಕು ಸೆಂಟಿಮೀಟರ್ ಮೇಲೆ, ತನ್ನದೇ ಬೇರೆ ಕೊಳವೆಯಿಂದ ನೋಡುತ್ತದೆ. ಗುಡ್ಡವನ್ನು ನೋಡುವಾಗ ಈ ಅಂತರ ಲೆಕ್ಕಕ್ಕಿಲ್ಲ. ಆದರೆ ಐದು ಸೆಂಟಿಮೀಟರ್ ದೂರದ ಕಪ್ಪೆಯನ್ನು ತೆಗೆಯುವಾಗ ಕಿಂಡಿ ತೋರಿಸುವ ಜಾಗವೇ ಬೇರೆ, ಮಸೂರ ಹಿಡಿಯುವ ಜಾಗವೇ ಬೇರೆ. ಕಪ್ಪೆ ಚಿತ್ರದಿಂದ ಪೂರ್ತಿ ಹೊರಗೆ ಉಳಿಯಬಹುದು. ಅಡಿಕೆಯ ಎಲೆಚುಕ್ಕಿ ರೋಗದ ಚುಕ್ಕಿಯನ್ನು ತೆಗೆಯುವವರಿಗೂ ಇದೇ ಮಾತು ಅನ್ವಯಿಸುತ್ತದೆ. ಇಲ್ಲಿ ಪರದೆಯನ್ನೇ ನಂಬಬೇಕು. ವಿದ್ಯುನ್ಮಾನ ಕಿಂಡಿಯಾದರೆ ಈ ದೋಷವಿಲ್ಲ; ಅದು ಮಸೂರ ಕಂಡದ್ದನ್ನೇ ತೋರಿಸುತ್ತದೆ.

ನಾಲ್ಕನೆಯದು ಚೌಕಟ್ಟು. ಒಂದೇ ಕಲ್ಲಿನ ಮೇಲೆ ನಿಂತು, ಒಂದೇ ದಿಕ್ಕಿಗೆ ಮುಖ ಮಾಡಿ, ವರ್ಷ ವರ್ಷವೂ ತೆಗೆದ ಚಿತ್ರಗಳಿಗೆ ಸಾಕ್ಷ್ಯದ ಬೆಲೆ ಬರುತ್ತದೆ. ಕೊಳವೆಯ ಕಿಂಡಿಯು ಚಿತ್ರದ ಸುಮಾರು ಮುಕ್ಕಾಲು ಅಥವಾ ಐದರಲ್ಲಿ ನಾಲ್ಕು ಪಾಲನ್ನು ಮಾತ್ರ ತೋರಿಸುತ್ತದೆ. ಅಂಚಿನಲ್ಲಿ ಏನು ಸೇರಿತು ಎಂಬುದು ಆಗ ತಿಳಿಯದು. ಹೆಚ್ಚು ಸೇರುವುದರಿಂದ ನಷ್ಟವಿಲ್ಲ, ಆದರೆ ಹಿಂದಿನ ವರ್ಷದ ಚೌಕಟ್ಟಿಗೆ ಕರಾರುವಾಕ್ಕಾಗಿ ಹೊಂದಿಸಲು ಪರದೆಯೇ ಮೇಲು.

ಐದನೆಯದು ಕಣ್ಣು. ಇದನ್ನು ಅಂಗಡಿಯಲ್ಲಿ ಯಾರೂ ಕೇಳುವುದಿಲ್ಲ. ನಲವತ್ತು ದಾಟಿ ಚಾಳೀಸು ಬಂದವರಿಗೆ ಒಂದು ಗೇಣು ದೂರದ ಪರದೆ ಮಂಜಾಗಿ ಕಾಣುತ್ತದೆ. ತೋಟಕ್ಕೆ ಹೋಗುವವರು ಓದುವ ಕನ್ನಡಕವನ್ನು ಜೊತೆಗೆ ಒಯ್ಯುವುದು ಅಪರೂಪ. ಕಿಂಡಿಯೊಳಗಿನ ನೋಟವಾದರೋ ದೂರದ ವಸ್ತುವಿನಂತೆ ಕಾಣುವುದರಿಂದ ಬರಿಗಣ್ಣಿಗೆ ನಿಲುಕುತ್ತದೆ. ಜಿ-11ರಂತಹವುಗಳಲ್ಲಿ ಕಣ್ಣಿಗೆ ಹೊಂದಿಸಿಕೊಳ್ಳುವ ಪುಟ್ಟ ತಿರುಗಣೆಯೂ ಇರುತ್ತದೆ. ಯಾವಾಗಲೂ ಕನ್ನಡಕ ಧರಿಸುವ ವಿದ್ಯಾರ್ಥಿಗೆ ಇದು ತಿರುಗುಮುರುಗು: ಕನ್ನಡಕದ ಗಾಜು ಕಣ್ಣನ್ನು ಕಿಂಡಿಯ ಹತ್ತಿರಕ್ಕೆ ಬಿಡುವುದಿಲ್ಲ, ನೋಟದ ಅಂಚುಗಳು ಮುಚ್ಚಿಹೋಗುತ್ತವೆ.

ಇನ್ನು ಕಿಸೆಯ ಪರವಾದ ವಾದ. ಅದು ಒಂದೇ, ಆದರೆ ಬಲವಾದುದು. ಗುಡ್ಡ ಜರಿದ ದಿನ ಊರಿನವರೆಲ್ಲರೂ ಚಿತ್ರ ತೆಗೆಯುತ್ತಾರೆ. ಜರಿಯುವುದಕ್ಕೆ ಮೊದಲಿನ ಚಿತ್ರವನ್ನು ತೆಗೆಯಬೇಕಾದುದು ಏನೂ ಆಗದ ದಿನದಲ್ಲಿ. ಸೊಪ್ಪು ತರಲು, ಪಂಪು ಚಾಲೂ ಮಾಡಲು, ಬಿದ್ದ ಅಡಿಕೆ ಹೆಕ್ಕಲು ಹೋದ ದಿನದಲ್ಲಿ. ಅಂತಹ ದಿನ ಯಾರೂ ಕ್ಯಾಮೆರಾ ಒಯ್ಯಬೇಕೆಂದು ಹೊರಡುವುದಿಲ್ಲ. ಆ ದಿನ ಜೊತೆಗಿರುವುದು ತಾನಾಗಿಯೇ ಕಿಸೆಯಲ್ಲಿ ಉಳಿದದ್ದು ಮಾತ್ರ. ಒಂದು ಕೈಯಲ್ಲಿ ಕತ್ತಿ, ಇನ್ನೊಂದರಲ್ಲಿ ಕೊಡೆ ಇರುವಾಗ ಕುತ್ತಿಗೆಯಲ್ಲಿ ತೂಗುವ ಕ್ಯಾಮೆರಾ ಎಲ್ಲೆಲ್ಲಿಯೂ ತಾಗುತ್ತದೆ. ಮರುದಿನದಿಂದ ಅದು ಗೂಟಕ್ಕೇ ಸೇರುತ್ತದೆ.

ಆದರೆ ಕಿಸೆ ಎನ್ನುವಾಗ ಯಾರ ಕಿಸೆ ಎಂದೂ ಕೇಳಬೇಕು. ಸೀರೆಗೆ ಕಿಸೆಯಿಲ್ಲ. ಹೊಳೆಗೂ ತೋಟಕ್ಕೂ ಗಂಡಸರಷ್ಟೇ ಸಲ ಹೋಗಿಬರುವ ಹೆಂಗಸರಿಗೆ ಸೊಂಟಕ್ಕೆ ಕಟ್ಟುವ ಸಣ್ಣ ಚೀಲವೇ ಕಿಸೆ. ಅದರಲ್ಲಿ ಎಂಟು ಹತ್ತು ಮಿಲಿಮೀಟರ್ ದಪ್ಪ ಹೆಚ್ಚಾದರೂ ನಡೆಯುತ್ತದೆ. ಕಿಸೆಯ ಬೆವರೂ ದೂಳೂ ಕ್ಯಾಮೆರಾಕ್ಕೆ ಹಾನಿಕರ ಎಂಬುದನ್ನೂ ಮರೆಯಬಾರದು. ಒಳಗೆ ಸೇರಿದ ಧೂಳನ್ನು ಇಂತಹ ಕ್ಯಾಮೆರಾಗಳಲ್ಲಿ ಮನೆಯಲ್ಲಿ ತೆಗೆಯಲು ಸಾಧ್ಯವಿಲ್ಲ. ಆಟಿಯ ತೇವದಲ್ಲಿ ಗಾಜಿನ ಮೇಲೆ ಬೂಸ್ಟು ಬೆಳೆಯುತ್ತದೆ. ಸಿಲಿಕಾ ಜೆಲ್ ಹಾಕಿದ, ಗಾಳಿಯಾಡದ ಡಬ್ಬಿಯೊಂದು ಕಿಂಡಿಗೂ ಕಿಸೆಗೂ ಸಮಾನವಾಗಿ ಅವಶ್ಯ.

‘ಇಷ್ಟೆಲ್ಲ ಏಕೆ, ಮೊಬೈಲು ಸಾಲದೆ?’ ಎಂಬ ಪ್ರಶ್ನೆ ಸಹಜ. ಜಗತ್ತೇ ಆ ಉತ್ತರ ಕೊಟ್ಟಿದೆ. ಜಪಾನಿನ ತಯಾರಕರ ಸಂಘದ ಲೆಕ್ಕದಂತೆ 2010ರಲ್ಲಿ ಸುಮಾರು 12 ಕೋಟಿ ಡಿಜಿಟಲ್ ಕ್ಯಾಮೆರಾಗಳು ಕಾರ್ಖಾನೆಗಳಿಂದ ಹೊರಬಿದ್ದವು. 2023ರಲ್ಲಿ 80 ಲಕ್ಷಕ್ಕಿಂತಲೂ ಕಡಿಮೆ. ಒಳ್ಳೆಯ ಮೊಬೈಲು ಇರುವವರು ಅದನ್ನೇ ಚೆನ್ನಾಗಿ ಬಳಸಲು ಕಲಿತರೆ ಬಹಳ ಕೆಲಸವಾಗುತ್ತದೆ. ಹೊಸ ಮೊಬೈಲುಗಳ ಪರದೆ ಬಿಸಿಲಿನಲ್ಲಿಯೂ ಸಾಕಷ್ಟು ಕಾಣುತ್ತದೆ. ಆದರೆ ಮಳೆಹನಿ ಬಿದ್ದ ಪರದೆ ಒದ್ದೆ ಬೆರಳಿನ ಮಾತು ಕೇಳುವುದಿಲ್ಲ. ಕ್ಯಾಮೆರಾದ ಗುಂಡಿ ಕೇಳುತ್ತದೆ. ಹೊಳೆಯ ಆಚೆ ದಡವನ್ನು ಹತ್ತಿರಕ್ಕೆ ತರಲು ಮಸೂರವೇ ಚಾಚಬೇಕು. ಚಾಳೀಸಿನ ಕಣ್ಣಿಗೆ ಮೊಬೈಲೂ ಒಂದು ಪರದೆಯೇ. ಇಲ್ಲಿ ಇನ್ನೊಂದು ಎಚ್ಚರಿಕೆಯನ್ನೂ ಹೇಳಬೇಕು: ವಾಟ್ಸಾಪ್‌ನಲ್ಲಿ ಚಿತ್ರವಾಗಿ ಕಳುಹಿಸಿದಾಗ ಗುಣಮಟ್ಟ ಕುಗ್ಗುತ್ತದೆ, ತೆಗೆದ ದಿನಾಂಕದ ಒಳಮಾಹಿತಿಯೂ ಅಳಿಯುತ್ತದೆ. ಮೂಲ ಕಡತವನ್ನು ಬೇರೆಯಾಗಿ ಕಾಪಾಡಬೇಕು. ಕ್ಯಾಮೆರಾ ಯಾವುದೇ ಇರಲಿ, ಅದರ ಗಡಿಯಾರ ಸರಿಯಿರಬೇಕು.

ಈಗ ತಂದೆ ಮಗಳ ಸಮಸ್ಯೆಗೆ ಮರಳಬಹುದು. ಅವರ ಜಗಳದ ಒಳಗೆ ಇನ್ನೊಂದು ತೊಡಕಿದೆ. ಮಗಳ ಕಣ್ಣು ಚುರುಕು, ಪರದೆ ಅವಳಿಗೆ ಚೆನ್ನಾಗಿ ಕಾಣುತ್ತದೆ. ಆದರೆ ಅವಳು ಮಂಗಳೂರಿನಲ್ಲಿ ಓದುತ್ತಾಳೆ, ಊರಿಗೆ ಬರುವುದು ರಜೆಯಲ್ಲಿ ಮಾತ್ರ. ದಿನವೂ ಹೊಳೆಯ ದಂಡೆಯಲ್ಲಿ ನಡೆಯುವವನು ತಂದೆ. ಅವನಿಗೆ ಪರದೆ ಕಾಣುವುದಿಲ್ಲ. ನೋಡಬಲ್ಲವಳು ಅಲ್ಲಿಲ್ಲ, ಅಲ್ಲಿರುವವನಿಗೆ ಕಾಣುವುದಿಲ್ಲ. ಕಿಸೆಯ ಕ್ಯಾಮೆರಾ ಕೊಂಡರೆ ಅದು ತಂದೆಯ ಜೊತೆ ಹೋಗುತ್ತದೆ, ಆದರೆ ಅವನು ಕುರುಡಾಗಿ ಗುಂಡಿ ಒತ್ತುತ್ತಾನೆ. ಜಿ-11ರಂತಹದನ್ನು ಕೊಂಡರೆ ಅವನಿಗೆ ಕಾಣುತ್ತದೆ, ಆದರೆ ಅದು ಗೂಟದಿಂದ ಇಳಿಯುವುದಿಲ್ಲ.

ಇಂತಹ ಮನೆಗೆ ಹೊಂದುವುದು ಹೊಸದಲ್ಲ, ಹಳೆಯದು. ಪರದೆಯೂ ಕಿಂಡಿಯೂ ಜೊತೆಯಾಗಿ ಬಾಳಿದ ಕಾಲದ ಸಣ್ಣ ಕ್ಯಾಮೆರಾಗಳು ಇಂದಿಗೂ ಬಳಸಿದ ಸರಕಾಗಿ ಸಿಗುತ್ತವೆ. ಉದಾಹರಣೆಗೆ ಕ್ಯಾನನ್ ಕಂಪನಿಯ 2007ರ ಎ-570: ಅಗಲ ಸುಮಾರು 90 ಮಿ.ಮೀ., ದಪ್ಪ 43 ಮಿ.ಮೀ.; ಬ್ಯಾಟರಿ ಬಿಟ್ಟು ತೂಕ ಸುಮಾರು 175 ಗ್ರಾಂ. ಅಂಗಿಯ ಕಿಸೆ ಉಬ್ಬುತ್ತದೆ, ಆದರೆ ಹಿಡಿಯುತ್ತದೆ. ಸರಳವಾದ ಕೊಳವೆಯ ಕಿಂಡಿಯಿದೆ. ಅಲುಗಾಟ ತಡೆಯುವ ವ್ಯವಸ್ಥೆಯಿದೆ. ಅದಕ್ಕೆ ಬೇಕಾದುದು ಊರಿನ ಅಂಗಡಿಯಲ್ಲಿಯೂ ಸಿಗುವ ಎರಡು ಎಎ ಬ್ಯಾಟರಿ. ಇದನ್ನು ಆರಿಸಿದವರು ಬಿಟ್ಟುಕೊಡುವುದು ಕಾಡಿನ ಕತ್ತಲೆಯ ಚಿತ್ರವನ್ನು. ಮಂದ ಬೆಳಕಿನಲ್ಲಿ ಅದು ದುರ್ಬಲ. ಆದರೆ ತಂದೆ ತೆಗೆಯಬೇಕಾದುದು ಹಗಲಿನ ಹೊಳೆಯನ್ನು, ತೋಟದ ಅಂಚನ್ನು. ಕಪ್ಪೆಯನ್ನೂ ಎಲೆಯ ಚುಕ್ಕಿಯನ್ನೂ ಮಗಳು ರಜೆಯಲ್ಲಿ ಬಂದಾಗ ಪರದೆ ನೋಡಿ ತೆಗೆಯಬಹುದು.

ಬೇರೆ ಮನೆಗೆ ಬೇರೆ ಉತ್ತರ. ದಿನವೂ ನಡೆಯುವವರು ಎಳೆಯರಾದರೆ ಕಿಸೆಯನ್ನೇ ಆರಿಸಲಿ. ಚಾರಣದ ವಿದ್ಯಾರ್ಥಿಗಳು ಕಾಡಿನೊಳಗೆ ಹೋಗುವವರಾದರೆ, ಕಿಂಡಿಯ ಹಣವನ್ನು ಬೆಳಕು ಹೆಚ್ಚು ಬಿಡುವ ಮಸೂರಕ್ಕೆ ಕೊಡಲಿ. ನಾಲ್ಕು ಮನೆಯವರು ಸೇರಿ ಕೊಳ್ಳುವುದಾದರೆ ಮೊದಲನೆಯದು ಕಿಸೆಯದಿರಲಿ, ಎರಡನೆಯದು ಕಿಂಡಿಯದಿರಲಿ. ಕಿಂಡಿಯಿಲ್ಲದ ಕ್ಯಾಮೆರಾ ಕೈಯಲ್ಲಿದ್ದು ಬಿಸಿಲು ಕಣ್ಣು ಕುಕ್ಕಿದರೆ ತಲೆಯ ಮೇಲಿನ ಮುಟ್ಟಾಳೆಯನ್ನು ತೆಗೆದು ಪರದೆಗೆ ಮರೆಮಾಡಿದರೆ ಸಾಕು. ಬಾಸೆಲ್ ಮಿಶನ್ನಿನ ಕಾಲದ ಕರಿಯ ಬಟ್ಟೆ ಮಾಡಿದ ಕೆಲಸವನ್ನು ಅಡಿಕೆಹಾಳೆಯೂ ಮಾಡುತ್ತದೆ. ಕೈ ನಡುಗಿದರೆ ಕುತ್ತಿಗೆಯ ಪಟ್ಟಿಯಿದೆ. ಕಿಂಡಿಯ ಕೊರತೆಯನ್ನು ಹೀಗೆ ಬಹುಮಟ್ಟಿಗೆ ತುಂಬಿಕೊಳ್ಳಬಹುದು. ಮನೆಯಲ್ಲಿ ಬಿಟ್ಟುಬಂದ ಕ್ಯಾಮೆರಾದ ಕೊರತೆಯನ್ನು ಮಾತ್ರ ಯಾವ ಉಪಾಯದಿಂದಲೂ ತುಂಬಲಾಗದು.

ಕೊಳ್ಳುವ ಮೊದಲು ಮಾಡಬೇಕಾದ ಪರೀಕ್ಷೆಯೂ ಸುಲಭ. ಅಂಗಡಿಯ ಟ್ಯೂಬ್‌ಲೈಟಿನ ಕೆಳಗೆ ಎಲ್ಲ ಪರದೆಗಳೂ ಚೆನ್ನಾಗಿಯೇ ಕಾಣುತ್ತವೆ. ಅಂಗಡಿಯವರ ಅನುಮತಿ ಪಡೆದು, ಕ್ಯಾಮೆರಾವನ್ನು ಬಾಗಿಲಿನಾಚೆಗೆ, ಹಂಪನಕಟ್ಟೆಯ ಮಧ್ಯಾಹ್ನದ ಬಿಸಿಲಿಗೆ ತಂದು ನೋಡಬೇಕು. ದಿನವೂ ಬಳಸುವವರೇ ನೋಡಬೇಕು, ಕನ್ನಡಕವಿಲ್ಲದೆ ಒಮ್ಮೆ, ಹಾಕಿಕೊಂಡು ಒಮ್ಮೆ. ಹಳೆಯ ಕ್ಯಾಮೆರಾವಾದರೆ ಕಿಂಡಿಯನ್ನೂ ಮಸೂರವನ್ನೂ ಬೆಳಕಿಗೆ ಹಿಡಿದು ಒಳಗೆ ಜೇಡರಬಲೆಯಂತಹ ಬೂಸ್ಟು ಇದೆಯೇ ಎಂದು ಪರಿಶೀಲಿಸಬೇಕು. ಬಳಿಕ ಅದನ್ನು ಕಿಸೆಗೋ ಸೊಂಟದ ಚೀಲಕ್ಕೋ ಇಳಿಸಿ, ಒಮ್ಮೆ ಬಗ್ಗಿ ನೆಲದಿಂದ ಏನನ್ನಾದರೂ ಹೆಕ್ಕಿ ನೋಡಬೇಕು. ಅಡಿಕೆ ಹೆಕ್ಕುವಾಗ ಜಾರಿ ಬೀಳುವುದೋ ಇಲ್ಲವೋ ಎಂಬುದು ಅಲ್ಲಿಯೇ ತಿಳಿಯುತ್ತದೆ.

ಕ್ಯಾಮೆರಾ ಮನೆಗೆ ಬಂದ ಮೇಲೆ ಮೊದಲ ಚಿತ್ರಕ್ಕಾಗಿ ಹಬ್ಬವನ್ನೋ ನೆರೆಯನ್ನೋ ಕಾಯಬೇಕಾಗಿಲ್ಲ. ಮರುದಿನ ಬೆಳಗ್ಗೆ ತೋಟಕ್ಕೆ ಇಳಿದಾಗ, ಗುರುತಿನ ಕಲ್ಲೊಂದರ ಮೇಲೆ ನಿಂತು, ಹೊಳೆ ಎಂದಿನಂತೆ ಎಂದಿನ ಜಾಗದಲ್ಲಿಯೇ ಹರಿಯುತ್ತಿರುವುದನ್ನು ತೆಗೆದಿಡಬೇಕು. ಆ ದಿನ ಅದು ಯಾರಿಗೂ ಬೇಡದ ಚಿತ್ರ. ಮದುವೆಯ ಆಲ್ಬಮ್ಮಿನ ಮಸುಕಾದ ಮೂಲೆಯಲ್ಲಿ ತನ್ನ ಹೊಳೆಯನ್ನು ಹುಡುಕಿದ ಮನೆಗೆ ಅದರ ಬೆಲೆ ಗೊತ್ತಿದೆ.